ತಮ್ಮನ ತೀರ್ಥಯಾತ್ರೆ

1027ರ ಆಗಸ್ಟ್ ತಿಂಗಳಲ್ಲಿ ನಾರ್ಮಂಡಿಯ ಡ್ಯೂಕ್ ಮೂರನೆಯ ರಿಚರ್ಡ್ ಸತ್ತುಹೋದ. ಪಟ್ಟಕ್ಕೆ ಬಂದು ಆಗಿದ್ದದ್ದು ಒಂದೇ ವರ್ಷ. ಅವನಿಗೆ ರಾಬರ್ಟ್ ಎಂಬ ತಮ್ಮನಿದ್ದ. ತಂದೆ ಈ ತಮ್ಮನಿಗೆ ಬಿಟ್ಟುಹೋಗಿದ್ದು ಯೆಮ್ವಾ ಎಂಬ ಒಂದು ಪ್ರಾಂತ್ಯವನ್ನು ಮಾತ್ರ. ಅದು ಸಾಲದೆಂದು ಅವನು ಫಲೇಸ್ ಕೋಟೆಯಲ್ಲಿ ಕೂತು ಅಣ್ಣನ ಮೇಲೆ ದಂಗೆಯೆದ್ದ. ಅಣ್ಣ ಸೈನ್ಯ ತಂದು ಕೋಟೆಗೆ ಮುತ್ತಿಗೆ ಹಾಕಿದ. ತಮ್ಮ ಸೋತು ಶರಣಾದ, ರಾಜಿಯಾಯಿತು, ಕೈಕೈ ಹಿಡಿದುಕೊಂಡರು. ಅಣ್ಣ ರೂಆನ್ ನಗರಕ್ಕೆ ಹಿಂತಿರುಗಿದ. ಸ್ವಲ್ಪ ದಿನಕ್ಕೆ ಸತ್ತ. ಅವನ ಜೊತೆಗೆ ಅವನ ಕೆಲವು ಮಂದಿಯೂ ಸತ್ತರು.

ಸುಮಾರು ಒಂದು ತಲೆಮಾರಿನ ನಂತರ ಜುಮ್ಯೇಜ್ ಮಠದ ವಿಲಿಯಂ ಎಂಬ ಸನ್ಯಾಸಿ ಡ್ಯೂಕರ ಚರಿತ್ರೆ ಬರೆದ. ರಿಚರ್ಡ್ ವಿಷದಿಂದ ಸತ್ತನೆಂದು ಬಹಳ ಜನ ಹೇಳುತ್ತಾರೆ ಎಂದಷ್ಟೇ ಬರೆದು ಸುಮ್ಮನಾದ. ವಿಷ ಹಾಕಿದವರು ಯಾರು ಎಂಬುದರ ಬಗ್ಗೆ ಚಕಾರವಿಲ್ಲ. ಹೇಗೆ ಹೇಳಿಯಾನು? ಅವನು ಬರೆಯುತ್ತಿದ್ದ ಕಾಲದಲ್ಲಿ ಗದ್ದುಗೆಯ ಮೇಲಿದ್ದವನು ಆ ತಮ್ಮನ ಮಗ. ಅವನೇ ಮುಂದೆ 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ. ನೂರು ವರ್ಷ ಕಳೆದ ಮೇಲೆ ಮಾಮ್ಸ್‌ಬರಿಯ ವಿಲಿಯಂ ಎಂಬ ಇಂಗ್ಲೆಂಡಿನ ಇನ್ನೊಬ್ಬ ಸನ್ಯಾಸಿ (ಈ ಕಥೆಯಲ್ಲಿ ವಿಲಿಯಮ್ಮರಿಗೇನೂ ಕೊರತೆಯಿಲ್ಲ) ಸ್ವಲ್ಪ ಧೈರ್ಯ ಮಾಡಿದ. ಅಣ್ಣನ ಸಾವಿನಲ್ಲಿ ತಮ್ಮನ ಕೈವಾಡವಿತ್ತೆಂಬ ಮಾತಿದೆ, ಖಚಿತವಿಲ್ಲ, ಆ ಕೊರಗಿನಿಂದಲೇ ಅವನು ಜೆರುಸಲೇಮಿಗೆ ಬರಿಗಾಲಲ್ಲಿ ಹೋದ ಎಂದು ಬರೆದ.

ರಾಬರ್ಟ್ ನಿಜವಾಗಿಯೂ ವಿಷ ಹಾಕಿಸಿದನೇ ಎಂಬುದನ್ನು ಈಗ ಯಾರೂ ತೀರ್ಮಾನಿಸಲಾರರು. ಲಾಭ ಯಾರಿಗಾಯಿತೋ ಅವನೇ ಕೊಂದವನು ಎನ್ನುವುದು ಪತ್ತೇದಾರಿ ಕಾದಂಬರಿಯ ತರ್ಕ. ಕೆಟ್ಟ ಮಾಂಸ, ಕೆಟ್ಟ ನೀರು, ದಂಡಿನ ಜೊತೆ ಸುತ್ತುವ ಬೇಧಿ ಆ ಕಾಲದಲ್ಲಿ ಕೊಂದಷ್ಟು ಜನರನ್ನು ಯಾವ ವಿಷವೂ ಕೊಂದಿರಲಾರದು. ಒಂದೇ ಪಾತ್ರೆಯಲ್ಲಿ ಉಂಡ ಹಲವರು ಒಟ್ಟಿಗೆ ಸಾಯುವುದಕ್ಕೆ ಅಡುಗೆಯವನ ಕೊಳಕು ಕೈ ಸಾಕು. ಆದ್ದರಿಂದ ಕೊಲೆಯ ಆರೋಪವನ್ನು ನಾನು ಬದಿಗಿಡುತ್ತೇನೆ. ನನ್ನನ್ನು ಕಾಡುವುದು ಅದರ ಪಕ್ಕದಲ್ಲೇ ಇರುವ, ಸಾಕ್ಷಿಯೇ ಬೇಡದ ಇನ್ನೊಂದು ಸಂಗತಿ.

ರಿಚರ್ಡನಿಗೆ ನಿಕೋಲಸ್ ಎಂಬ ಗಂಡುಮಗುವಿತ್ತು. ಚಿಕ್ಕಪ್ಪ ಅಧಿಕಾರಕ್ಕೆ ಬಂದ ಮೇಲೆ ಈ ಮಗುವನ್ನು ಮಠಕ್ಕೆ ಸೇರಿಸಲಾಯಿತು. ತಲೆ ಬೋಳಿಸಿ, ಕಪ್ಪು ನಿಲುವಂಗಿ ತೊಡಿಸಿ, ಪ್ರಾರ್ಥನೆ ಹೇಳಿಕೊಟ್ಟರು. ಕತ್ತಿಯಿಲ್ಲದೆ, ರಕ್ತವಿಲ್ಲದೆ ಒಬ್ಬ ವಾರಸುದಾರ ಇಲ್ಲವಾದ. ನೀವು ಕೇಳಬಹುದು, ನಿಕೋಲಸ್ ಮದುವೆಯಿಂದ ಹುಟ್ಟಿದವನಲ್ಲದಿದ್ದರೆ ಅವನಿಗೆ ಹಕ್ಕೆಲ್ಲಿಯದು ಎಂದು. ಇತಿಹಾಸಕಾರರಲ್ಲಿ ಬಹುಮಂದಿ ಅವನು ಹಾಗೆಯೇ ಹುಟ್ಟಿದವನೆಂದು ಎಣಿಸುತ್ತಾರೆ, ನಿಜ. ಆದರೆ ಎಂಟು ವರ್ಷದ ನಂತರ ರಾಬರ್ಟ್ ತನ್ನ ಉತ್ತರಾಧಿಕಾರಿಯೆಂದು ಯಾರ ಕೈ ಹಿಡಿದು ಸಾಮಂತರ ಮುಂದೆ ನಿಲ್ಲಿಸಿದ? ಫಲೇಸ್ ಊರಿನ ಹೆರ್ಲೆವಾ ಎಂಬ ಹೆಣ್ಣಿನಲ್ಲಿ, ಮದುವೆಯಿಲ್ಲದೆ, ತನಗೆ ಹುಟ್ಟಿದ ಏಳೆಂಟು ವರ್ಷದ ಹುಡುಗನನ್ನು. ಅಣ್ಣನ ಮಗನಿಗೆ ಅಡ್ಡಬಂದ ನಿಯಮ ತನ್ನ ಮಗನಿಗೆ ಅಡ್ಡಬರಲಿಲ್ಲ.

ಹೆರ್ಲೆವಾಳ ಬಗ್ಗೆ ನಾರ್ಮನ್ನರು ಕಟ್ಟಿಕೊಂಡ ಕಥೆಗಳು ಚೆನ್ನಾಗಿವೆ. ಅವಳು ಚರ್ಮ ಹದಮಾಡುವವನ ಮಗಳು. ಹಳ್ಳದಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕೋಟೆಯ ಮೇಲಿನಿಂದ ರಾಬರ್ಟ್ ನೋಡಿ ಮರುಳಾದ. ಅವಳ ಹೊಟ್ಟೆಯಿಂದ ಒಂದು ಮರ ಎದ್ದು ನಾರ್ಮಂಡಿಗೂ ಇಂಗ್ಲೆಂಡಿಗೂ ನೆರಳು ಚಾಚಿದಂತೆ ಅವಳಿಗೆ ಕನಸು ಬಿತ್ತು. ಅವಳ ತಂದೆ ಚರ್ಮದ ಕೆಲಸದವನಲ್ಲ, ಹೆಣಗಳನ್ನು ಸಿಂಗರಿಸುವವನು ಎಂಬ ವಾದವೂ ಇದೆ. ಏನೇ ಇರಲಿ, ಆ ಕುಲದ ಹೀಯಾಳಿಕೆ ಮಗನನ್ನು ಬಿಡಲಿಲ್ಲ. ಆಲಾನ್ಸೋನ್ ಊರಿನವರು ಕೋಟೆಯ ಗೋಡೆಯ ಮೇಲೆ ಚರ್ಮ ಬಡಿದು ಅಣಕಿಸಿದರೆಂದು ವಿಲಿಯಂ ಅವರ ಕೈಕಾಲು ಕಡಿಸಿದ.

ರಾಬರ್ಟನ ಆಳ್ವಿಕೆಯ ಮೊದಲ ವರ್ಷಗಳು ಒಡಕಿನವು. ರೂಆನ್‌ನ ಆರ್ಚ್‌ಬಿಷಪ್, ಅವನ ಸ್ವಂತ ಚಿಕ್ಕಪ್ಪ, ಅವನನ್ನೇ ಓಡಿಸಿದ. ಆ ಚಿಕ್ಕಪ್ಪ ಇಡೀ ನಾರ್ಮಂಡಿಗೆ ಬಹಿಷ್ಕಾರ ಹಾಕಿದ. ಚರ್ಚಿನ ಜಮೀನುಗಳನ್ನು ಕಿತ್ತು ತನ್ನ ಬೆಂಬಲಿಗರಿಗೆ ಹಂಚಿದ್ದೂ ಉಂಟು. ಆಮೇಲೆ ರಾಜಿ, ಕಿತ್ತದ್ದನ್ನು ಹಿಂದಿರುಗಿಸಿದ್ದು, 1032ರಲ್ಲಿ ಸರಿಸಿಯಲ್ಲಿ ಹೊಸ ಮಠ. ಇಲ್ಲಿ ಒಂದು ಮಾತು ಗಮನಿಸಬೇಕು. ಚರ್ಚಿಗೆ ಬಾಯಿತ್ತು, ಬಹಿಷ್ಕಾರವಿತ್ತು, ಬರೆಯುವ ಕೈಯಿತ್ತು. ಕಿತ್ತುಕೊಂಡದ್ದು ಅದಕ್ಕೆ ವಾಪಸು ಬಂತು. ಮಠದ ಮೂಲೆಯ ಮಗುವಿಗೆ ಅವು ಯಾವುವೂ ಇರಲಿಲ್ಲ.

ಆಮೇಲೆ ಯಾತ್ರೆ. 1035ರಲ್ಲಿ, ಇನ್ನೂ ಗಟ್ಟಿಮುಟ್ಟಾದ ಪ್ರಾಯದಲ್ಲಿ, ರಾಬರ್ಟ್ ಜೆರುಸಲೇಮಿಗೆ ಹೊರಟ. ಹೋಗಬೇಡವೆಂದು ಸುತ್ತಲಿನವರು ತಡೆದರು. ಗದ್ದುಗೆಗೆ ಬೆಳೆದ ಮಗನಿಲ್ಲ, ಗಡಿಯಲ್ಲಿ ನೆಂಟರೇ ಹೊಂಚುಹಾಕಿ ಕೂತಿದ್ದಾರೆ. ಅವನು ಕೇಳಲಿಲ್ಲ. ಇದು ಬೂಟಾಟಿಕೆಯೆಂದು ನಾನು ನಂಬುವುದಿಲ್ಲ. ಬೂಟಾಟಿಕೆಗೆ ರೋಮ್ ಸಾಕಾಗಿತ್ತು; ಯೂರೋಪನ್ನು ದಾಟಿ, ಬೈಜಾಂಟಿಯಂ ದಾಟಿ, ಪರರ ಆಳ್ವಿಕೆಯ ಮರುಭೂಮಿಗೆ ಹೋಗಿ ಜೀವಂತ ಬರುವುದು ಆ ಕಾಲದಲ್ಲಿ ಜೂಜು. ಅವನೊಳಗೆ ಏನೋ ಸುಡುತ್ತಿತ್ತು.

ಈ ಯಾತ್ರೆಯ ಬಗ್ಗೆ ವಾಸ್ ಎಂಬ ಕವಿ ನೂರಕ್ಕೂ ಹೆಚ್ಚು ವರ್ಷದ ನಂತರ ಹೇಳುವ ಕಥೆಗಳಿವೆ. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಚಕ್ರವರ್ತಿಯ ಮುಂದೆ ಡ್ಯೂಕ್ ತನ್ನ ಬೆಲೆಬಾಳುವ ನಿಲುವಂಗಿಯನ್ನೇ ನೆಲಕ್ಕೆ ಹಾಸಿ ಕೂತ. ಎದ್ದು ಹೊರಟಾಗ ಅದನ್ನು ಅಲ್ಲೇ ಬಿಟ್ಟ, ಆಸನವನ್ನು ಹೊತ್ತುಕೊಂಡು ಹೋಗುವ ಪದ್ಧತಿ ನಮ್ಮಲ್ಲಿಲ್ಲ ಎಂದು. ಅವನ ಹೇಸರಗತ್ತೆಗೆ ಚಿನ್ನದ ಲಾಳ. ಮುಂದೆ ಅವನು ಕಾಯಿಲೆ ಬಿದ್ದು, ಸ್ಥಳೀಯ ಕೂಲಿಗಳು ಹೊತ್ತ ಡೋಲಿಯಲ್ಲಿ ಹೋಗುವಾಗ ಊರಿನ ಕಡೆಗೆ ಹಿಂತಿರುಗುತ್ತಿದ್ದ ಒಬ್ಬ ಯಾತ್ರಿಕ ಎದುರಾದನಂತೆ. ದೆವ್ವಗಳು ನನ್ನನ್ನು ಸ್ವರ್ಗಕ್ಕೆ ಹೊತ್ತೊಯ್ಯುತ್ತಿರುವುದನ್ನು ಕಂಡೆ ಎಂದು ಊರಲ್ಲಿ ಹೇಳು ಎಂದನಂತೆ ಡ್ಯೂಕ್. ಹೊತ್ತವರನ್ನು ದೆವ್ವವೆಂದ ಆ ಮಾತು ಇವತ್ತು ಕಿವಿಗೆ ಒರಟು. ಆದರೂ ಅದರಲ್ಲಿ ಅವನ ಬಗ್ಗೆಯೇ ಒಂದು ಸತ್ಯ ಇಣುಕಿದಂತೆ ಕಾಣುತ್ತದೆ.

ಚಿನ್ನದ ಲಾಳದ ಕಥೆ ಸುಳ್ಳೇ ಇರಬಹುದು. ಆದರೆ ಕಥೆ ಕಟ್ಟಿದವರು ಒಂದು ವಿಷಯವನ್ನು ಸರಿಯಾಗಿ ಹಿಡಿದಿದ್ದಾರೆ. ಆ ಯಾತ್ರೆಯ ಖರ್ಚು ಎಲ್ಲಿಂದ ಬಂತು? ನಾರ್ಮಂಡಿಯ ಬೊಕ್ಕಸದಿಂದ. ಅಣ್ಣ ಸತ್ತದ್ದರಿಂದ ದಕ್ಕಿದ ಹಣದಲ್ಲೇ ಅಣ್ಣ ಸತ್ತದ್ದಕ್ಕೆ ಪ್ರಾಯಶ್ಚಿತ್ತ! ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದಲ್ಲಿ ಅಣ್ಣನನ್ನು ಕೊಂದ ಕ್ಲಾಡಿಯಸ್ ಮೊಣಕಾಲೂರುತ್ತಾನೆ, ಪ್ರಾರ್ಥಿಸಲು ಹೋಗಿ ಸೋಲುತ್ತಾನೆ. ಕೊಲೆಯಿಂದ ಸಿಕ್ಕಿದ ಕಿರೀಟವನ್ನೂ ರಾಣಿಯನ್ನೂ ಇಟ್ಟುಕೊಂಡೇ ಕ್ಷಮೆ ಕೇಳಬಹುದೇ ಎಂದು ಅವನೇ ಕೇಳಿಕೊಳ್ಳುತ್ತಾನೆ. ಅಷ್ಟರ ಮಟ್ಟಿಗೆ ಕ್ಲಾಡಿಯಸ್ ಪ್ರಾಮಾಣಿಕ. ರಾಬರ್ಟನಿಗೆ ಈ ಪ್ರಶ್ನೆ ಎದುರಾಯಿತೋ ಇಲ್ಲವೋ. ಎದುರಾಗಿದ್ದರೆ ಉತ್ತರ ಅವನ ಕೈಯಳತೆಯಲ್ಲೇ ಇತ್ತು. ಸಾವಿರಾರು ಮೈಲಿ ನಡೆಯಬೇಕಿರಲಿಲ್ಲ. ಮಠಕ್ಕೆ ಹೋಗಿ ಒಬ್ಬ ಹುಡುಗನನ್ನು ಹೊರಗೆ ಕರೆತಂದಿದ್ದರೆ ಸಾಕಿತ್ತು.

ಹಿಂತಿರುಗುವ ದಾರಿಯಲ್ಲಿ, ಅದೇ ವರ್ಷ ಜುಲೈ ತಿಂಗಳಲ್ಲಿ, ಇಂದಿನ ತುರ್ಕಿಯ ಇಜ್ನಿಕ್ ಆದ ನಿಕಾಯ ನಗರದಲ್ಲಿ ಅವನು ತೀರಿಕೊಂಡ. ಅವನಿಗೂ ವಿಷ ಹಾಕಿದರೆಂಬ ವದಂತಿ ಹುಟ್ಟಿತು. ಅದು ಹುಟ್ಟಲೇಬೇಕಿತ್ತು.

ಇತ್ತ ಅವನ ಪ್ರಾಯಶ್ಚಿತ್ತದ ಬಾಕಿಯನ್ನು ಬೇರೆಯವರು ತೀರಿಸಿದರು. ಎಳೆಯ ವಿಲಿಯಮ್ಮನನ್ನು ಕಾಯುತ್ತಿದ್ದ ಗಿಲ್ಬರ್ಟನನ್ನು ಕೊಂದರು. ಅರಮನೆಯ ಮೇಲ್ವಿಚಾರಕ ಓಸ್‌ಬರ್ನನನ್ನು ಹುಡುಗ ಮಲಗುವ ಕೋಣೆಯಲ್ಲೇ ಕೊಂದರು. ಸಾಮಂತರು ತಮ್ಮತಮ್ಮ ದಿಬ್ಬಗಳ ಮೇಲೆ ಮರದ ಕೋಟೆ ಕಟ್ಟಿಕೊಂಡು ಕಾದಾಡಿದರು. ಸುಟ್ಟದ್ದು ರೈತರ ಹಳ್ಳಿಗಳು. ಒಬ್ಬನ ಆತ್ಮಶುದ್ಧಿಗೆ ಇಷ್ಟು ಜನ ತೆರಬೇಕಾಯಿತು. ಪಶ್ಚಾತ್ತಾಪ ಎಷ್ಟು ನಿಜವಾದದ್ದೋ ಅಷ್ಟೇ ಸ್ವಾರ್ಥದ್ದೂ ಆಗಿರಬಹುದು ಎಂಬುದು ನನಗೆ ಹೊಳೆದದ್ದು ಈ ಘಟ್ಟದಲ್ಲಿ.

ಈಗ ದಂತಕಥೆಗೆ ಬರೋಣ. ರೂಆನ್‌ನಿಂದ ಸ್ವಲ್ಪ ದೂರದಲ್ಲಿ, ಸೇನ್ ನದಿಯ ಮೇಲಿನ ಮೂಲಿನೋ ದಿಬ್ಬದಲ್ಲಿ ಒಂದು ಪಾಳುಕೋಟೆಯಿದೆ. ಜನ ಅದನ್ನು ದೆವ್ವದ ರಾಬರ್ಟನ ಕೋಟೆ ಎನ್ನುತ್ತಾರೆ. ದೆವ್ವದ ರಾಬರ್ಟ್ ಹಳೆಯ ಫ್ರೆಂಚ್ ಕಾವ್ಯವೊಂದರ ನಾಯಕ, ನಾರ್ಮಂಡಿಯ ಡ್ಯೂಕನೊಬ್ಬನ ಮಗ. ಈ ಕಾವ್ಯದ ರಾಬರ್ಟನೂ ಚರಿತ್ರೆಯ ರಾಬರ್ಟನೂ ಒಬ್ಬನೇ ಅಲ್ಲ ಎಂದು ವಿದ್ವಾಂಸರು ಹೇಳುತ್ತಾರೆ. ಜನ ಮಾತ್ರ ಇಬ್ಬರನ್ನೂ ಸೇರಿಸಿ ಹೊಲಿದುಬಿಟ್ಟಿದ್ದಾರೆ. 1831ರಲ್ಲಿ ಮೇಯರ್‌ಬೇರ್ ಈ ಹೆಸರಿನ ಸಂಗೀತನಾಟಕವನ್ನು ಪ್ಯಾರಿಸ್‌ನಲ್ಲಿ ಆಡಿಸಿ ಊರಿಗೆ ಊರೇ ಮುಗಿಬೀಳುವಂತೆ ಮಾಡಿದ. ಅದರಲ್ಲಿ ಹಳೆಯ ಕಥೆಯ ತಿರುಳೇನೂ ಉಳಿದಿಲ್ಲ, ಅದನ್ನು ಬಿಡೋಣ.

ಹಳೆಯ ಕಥೆ ಹೀಗಿದೆ. ಮಕ್ಕಳಾಗದ ಡಚೆಸ್ ದೇವರಲ್ಲಿ ಬೇಡಿ ಬೇಡಿ ಸೋತು, ಕೊನೆಗೆ ದೆವ್ವವಾದರೂ ಕೊಡಲಿ ಎಂದು ಬೇಡುತ್ತಾಳೆ. ಹುಟ್ಟಿದ ಕೂಸು ಹಾಲೂಡುವ ದಾದಿಯರನ್ನು ಕಚ್ಚುತ್ತದೆ. ಬೆಳೆದ ಹುಡುಗ ಪಾಠ ಹೇಳುವ ಗುರುವನ್ನೇ ಕೊಲ್ಲುತ್ತಾನೆ. ಮುಂದೆ ಮಠಗಳನ್ನು ಸುಡುತ್ತಾನೆ, ಸನ್ಯಾಸಿನಿಯರನ್ನೂ ಬಿಡುವುದಿಲ್ಲ. ಒಂದು ದಿನ ತನ್ನನ್ನು ಕಂಡವರೆಲ್ಲ ಓಡುವುದನ್ನು ನೋಡಿ ಅವನಿಗೇ ದಿಗಿಲಾಗುತ್ತದೆ. ನಾನೇಕೆ ಹೀಗೆ? ತಾಯಿಯ ಮುಂದೆ ಕತ್ತಿ ಹಿರಿದು ನಿಂತು ಕೇಳುತ್ತಾನೆ. ತಾಯಿ ನಿಜ ಹೇಳುತ್ತಾಳೆ.

ಈ ಕ್ಷಣವನ್ನು ಕಥೆ ಕಟ್ಟಿದವನು ತಪ್ಪಿಸಿದ್ದರೆ ಇದು ಅಜ್ಜಿಕಥೆಯಾಗಿ ಮುಗಿಯುತ್ತಿತ್ತು. ತಾಯಿಯ ಮಾತು ಕೇಳಿದ ರಾಬರ್ಟನಿಗೆ ಒಂದು ದೊಡ್ಡ ಬಿಡುಗಡೆಯ ದಾರಿ ತೆರೆದಿತ್ತು. ತಪ್ಪು ನನ್ನದಲ್ಲ, ಹುಟ್ಟಿನದು. ನನ್ನನ್ನು ದೆವ್ವ ಮಾಡಿಸಿತು, ನಾನು ಮಾಡಲಿಲ್ಲ. ನಾವೆಲ್ಲ ದಿನವೂ ಬಳಸುವ ದಾರಿ ಅದು. ಮನೆತನ, ಕಾಲ, ಕೆಟ್ಟ ಬಾಲ್ಯ, ಒಂದಲ್ಲ ಒಂದು ದೆವ್ವ ಎಲ್ಲರ ಹತ್ತಿರವೂ ಇರುತ್ತದೆ. ಅವನು ಆ ದಾರಿ ಹಿಡಿಯುವುದಿಲ್ಲ. ಕೇಡಿನ ಬೇರು ತನ್ನದಲ್ಲವೆಂದು ತಿಳಿದ ಗಳಿಗೆಯಲ್ಲೇ ಅದರ ಲೆಕ್ಕವನ್ನು ತನ್ನ ತಲೆಯ ಮೇಲೆ ಹೊತ್ತು ಕತ್ತಿ ಬಿಸಾಡಿ ರೋಮ್‌ಗೆ ನಡೆಯುತ್ತಾನೆ.

ಪೋಪ್ ಅವನನ್ನು ಒಬ್ಬ ವಿರಕ್ತನ ಬಳಿಗೆ ಕಳಿಸುತ್ತಾನೆ. ಅವನಿಗೆ ಸಿಗುವ ಪ್ರಾಯಶ್ಚಿತ್ತ ವಿಚಿತ್ರ. ಮೂಗನಂತೆ ಇರಬೇಕು, ಒಂದು ಮಾತೂ ಆಡಕೂಡದು. ಹುಚ್ಚನಂತೆ ನಟಿಸಿ ಬೀದಿಯವರ ಹೊಡೆತ ತಿನ್ನಬೇಕು. ನಾಯಿಯ ಬಾಯಿಂದ ಕಿತ್ತುಕೊಂಡದ್ದನ್ನಲ್ಲದೆ ಬೇರೇನನ್ನೂ ಉಣ್ಣಕೂಡದು. ರೋಮಿನ ಚಕ್ರವರ್ತಿಯ ಅರಮನೆಯಲ್ಲಿ, ಮೆಟ್ಟಿಲ ಕೆಳಗೆ, ನಾಯಿಯ ಪಕ್ಕದಲ್ಲಿ ಅವನು ವರ್ಷಗಟ್ಟಲೆ ಮಲಗುತ್ತಾನೆ. ಶತ್ರುಗಳು ರೋಮಿಗೆ ಮುತ್ತಿಗೆ ಹಾಕಿದಾಗ ದೇವದೂತನೊಬ್ಬ ಬಿಳಿ ಕವಚ, ಬಿಳಿ ಕುದುರೆ ತಂದುಕೊಡುತ್ತಾನೆ. ಮೂರು ಸಲ ಹೋಗಿ ಕಾದಿ, ಗೆದ್ದು, ಕವಚ ಕಳಚಿ, ಮತ್ತೆ ನಾಯಿಯ ಪಕ್ಕಕ್ಕೆ ಬಂದು ಮಲಗುತ್ತಾನೆ. ಬಿಳಿ ಕವಚದವನು ಯಾರೆಂದು ಯಾರಿಗೂ ತಿಳಿಯದು. ಕಂಡವಳು ಕಿಟಕಿಯಲ್ಲಿದ್ದ ಚಕ್ರವರ್ತಿಯ ಮಗಳೊಬ್ಬಳೇ, ಅವಳು ಹುಟ್ಟು ಮೂಗಿ. ಅವಳ ಕೈಸನ್ನೆಯನ್ನು ಯಾರೂ ನಂಬುವುದಿಲ್ಲ. ಕೊನೆಗೆ ಅರಮನೆಯ ಅಧಿಕಾರಿಯೊಬ್ಬ ತನ್ನ ತೊಡೆಗೆ ತಾನೇ ಗಾಯ ಮಾಡಿಕೊಂಡು ನಾನೇ ಆ ವೀರ ಎಂದು ಬಂದಾಗ, ಆ ಸುಳ್ಳನ್ನು ತಡೆಯಲಾರದೆ ಮೂಗಿಯ ಬಾಯಿ ತೆರೆಯುತ್ತದೆ.

ಹಳೆಯ ಕಾವ್ಯದ ಕೊನೆ ನನಗೆ ಬಹಳ ಇಷ್ಟ. ಚಕ್ರವರ್ತಿ ಮಗಳನ್ನು ಕೊಡುತ್ತೇನೆ ಎನ್ನುತ್ತಾನೆ. ನಾರ್ಮಂಡಿಯಿಂದ ಬಂದವರು ಗದ್ದುಗೆ ಖಾಲಿಯಿದೆ ಬಾ ಎನ್ನುತ್ತಾರೆ. ಅವನು ಎರಡನ್ನೂ ಒಲ್ಲೆನೆಂದು ಕಾಡಿನ ವಿರಕ್ತನ ಗುಡಿಸಲಿಗೆ ಹೊರಟುಹೋಗುತ್ತಾನೆ. ಅಚ್ಚಿನ ಕಾಲ ಬಂದು, ಪುಸ್ತಕ ಮಾರಬೇಕಾದ ಮೇಲೆ, ಕೊನೆ ಬದಲಾಯಿತು: ರಾಜಕುಮಾರಿಯೊಂದಿಗೆ ಮದುವೆ, ಊರಿಗೆ ವಾಪಸು, ಸುಖಸಂಸಾರ. ಮಾರಾಟಕ್ಕೆ ಅದೇ ಸರಿ.

ಎರಡು ರಾಬರ್ಟರನ್ನು ಪಕ್ಕಪಕ್ಕ ಇಟ್ಟು ನೋಡಿ. ಚರಿತ್ರೆಯವನು ಎಲ್ಲವನ್ನೂ ಇಟ್ಟುಕೊಂಡು ಯಾತ್ರೆ ಮಾಡಿದ. ಕಥೆಯವನು ಎಲ್ಲವನ್ನೂ ಬಿಟ್ಟು ಒಂದೇ ಜಾಗದಲ್ಲಿ ನಾಯಿಯಂತೆ ಕೂತ. ಒಬ್ಬನದು ಊರೂರಿಗೂ ಸುದ್ದಿಯಾದ ಪ್ರಾಯಶ್ಚಿತ್ತ, ಇನ್ನೊಬ್ಬನದು ಬಾಯಿಬಿಟ್ಟು ಹೇಳಲೂ ಆಗದ್ದು. ಜನ ಇಬ್ಬರನ್ನೂ ಒಬ್ಬನೇ ಎಂದು ಹೊಲಿದದ್ದು ಅಜ್ಞಾನದಿಂದಲೇ ಇರಬಹುದು. ಆದರೆ ಕೋರ್ಟಿಗೆ ಹೋಗದ ಒಂದು ಮೊಕದ್ದಮೆಯನ್ನು ಅವರು ತಮ್ಮ ರೀತಿಯಲ್ಲಿ ಇತ್ಯರ್ಥ ಮಾಡಿದಂತೆಯೂ ಇದು ನನಗೆ ಕಾಣುತ್ತದೆ. ನೀನು ಮಾಡಿದ್ದು ಸಾಲದು, ಮಾಡಬೇಕಾದದ್ದು ಇದು ಎಂದು.

ಮಗನ ಕಾಲದ ಒಂದು ದಾಖಲೆ ಈ ವಿಷಯದಲ್ಲಿ ಇನ್ನೂ ಕುತೂಹಲದ್ದು. ಹೇಸ್ಟಿಂಗ್ಸ್ ಯುದ್ಧ ಮುಗಿದು ಇಂಗ್ಲೆಂಡ್ ಕೈಗೆ ಬಂದ ಕೆಲವು ವರ್ಷಗಳಲ್ಲೇ, ಪೋಪನ ಪ್ರತಿನಿಧಿ ಸಿಯೊನ್‌ನ ಬಿಷಪ್ ಎರ್ಮನ್‌ಫ್ರಿಡ್‌ನ ಒಪ್ಪಿಗೆಯೊಂದಿಗೆ ನಾರ್ಮನ್ ಬಿಷಪ್ಪರು ಗೆದ್ದ ಸೈನಿಕರಿಗೆ ಪ್ರಾಯಶ್ಚಿತ್ತದ ಪಟ್ಟಿ ಹೊರಡಿಸಿದರು. ಒಬ್ಬನನ್ನು ಕೊಂದೆನೆಂದು ಖಚಿತವಿದ್ದರೆ ತಲೆಗೆ ಒಂದು ವರ್ಷ. ಹೊಡೆದೆ, ಸತ್ತನೋ ತಿಳಿಯದು ಎಂದರೆ ತಲೆಗೆ ನಲವತ್ತು ದಿನ. ಎಷ್ಟು ಮಂದಿಯೆಂಬ ಎಣಿಕೆಯೇ ತಪ್ಪಿದ್ದರೆ ಬದುಕಿರುವವರೆಗೆ ವಾರಕ್ಕೊಂದು ದಿನ, ಅಥವಾ ಒಂದು ಚರ್ಚು ಕಟ್ಟಿಸಿದರೂ ಆಯಿತು. ದೂರದಿಂದ ಬಾಣ ಬಿಟ್ಟ ಬಿಲ್ಲುಗಾರರಿಗೆ ಯಾರು ಸತ್ತರೆಂದು ತಿಳಿಯುವ ಬಗೆಯೇ ಇಲ್ಲ, ಅವರಿಗೆ ನಲವತ್ತು ದಿನದ ವ್ರತ ಮೂರು ಸಲ. ಯಾರನ್ನೂ ಹೊಡೆಯಲಿಲ್ಲ, ಆದರೆ ಹೊಡೆಯಬೇಕೆಂದು ಮನಸ್ಸಿತ್ತು ಎನ್ನುವವನಿಗೆ ಮೂರು ದಿನ.

ಆ ಮೂರು ದಿನದ ಸಾಲನ್ನು ಓದಿದಾಗ ಜನ್ನನ ಯಶೋಧರ ನೆನಪಾಗದೆ ಇರಲಿಲ್ಲ. ಅವನು ಕೊಂದದ್ದು ಹಿಟ್ಟಿನ ಕೋಳಿಯನ್ನು. ಸಂಕಲ್ಪದ ಆ ಹಿಂಸೆಗೆ ಜನ್ಮಜನ್ಮಾಂತರ ಪ್ರಾಣಿಯಾಗಿ ಹುಟ್ಟಿ ಹುಟ್ಟಿ ಸತ್ತ. ನಾರ್ಮನ್ ಬಿಷಪ್ಪರು ಅದನ್ನು ಮೂರು ದಿನಕ್ಕೆ ಮುಗಿಸಿದರಲ್ಲ ಎಂದು ನಗು ಬಂದದ್ದೂ ನಿಜ. ಆದರೆ ನಗುವ ವಿಷಯವಲ್ಲ. ಗೆದ್ದ ಸೈನ್ಯವೊಂದು, ತನ್ನದು ನ್ಯಾಯದ ಯುದ್ಧವೆಂದು ಪೂರ್ತಿ ನಂಬಿಯೂ, ಕೊಂದದ್ದು ಕೊಂದದ್ದೇ ಎಂದು ತಲೆ ಎಣಿಸಿ ಒಪ್ಪಿಕೊಂಡದ್ದು ಇವತ್ತಿಗೂ ಅಪರೂಪ. ಪಟ್ಟಿಯಲ್ಲಿ ಎಲ್ಲವೂ ಇದೆ, ಒಂದು ಸಾಲು ಮಾತ್ರ ಇಲ್ಲ. ಗೆದ್ದ ಜಮೀನನ್ನು ಏನು ಮಾಡಬೇಕು?

ಇದನ್ನೆಲ್ಲ ಪುಣೆಯ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ಬರೆಯುತ್ತಿರುವ ನನಗೆ ನಾರ್ಮಂಡಿಯ ಉಸಾಬರಿ ಯಾಕೆಂದರೆ, ನಮ್ಮ ಮನೆಯಲ್ಲೂ ಒಂದು ಯಾತ್ರೆ ನಡೆದಿತ್ತು. ಅಜ್ಜನ ಅಣ್ಣ ಎಳೆಯ ವಯಸ್ಸಿಗೆ ಕಾಯಿಲೆಯಿಂದ ತೀರಿಕೊಂಡಿದ್ದರು. ವಿಷದ ಮಾತೇ ಇಲ್ಲ. ಅವರ ಪಾಲಿನ ಹೊಲ ಹೇಗೋ ಅಜ್ಜನ ಹೆಸರಿಗೆ ಬಂತು. ಆ ದೊಡ್ಡಜ್ಜಿ ನಮ್ಮ ಮನೆಯಲ್ಲೇ, ನಮ್ಮ ಪಾತ್ರೆ ತೊಳೆಯುತ್ತ ಉಳಿದರು. ಅಜ್ಜನಿಗೆ ವಯಸ್ಸಾದ ಮೇಲೆ ನಿದ್ದೆ ಹೋಯಿತು, ಕಾಶಿಗೆ ಹೋಗಿ ಅಣ್ಣನಿಗೆ ಪಿಂಡ ಹಾಕಿ ಬಂದರು. ಗಂಗೆಯ ತಂಬಿಗೆಗೆ ಊರವರೆಲ್ಲ ಕೈಮುಗಿದರು. ದೊಡ್ಡಜ್ಜಿ ಒಲೆಯ ಮುಂದಿನಿಂದ ಏಳದೆ, ‘ಗಂಗೇಲಿ ಮೈ ನೆನೀತು, ಪಹಣಿ ನೆನೀಲಿಲ್ಲ’ ಎಂದರಂತೆ. ಅಜ್ಜ ಕೆಟ್ಟವರಲ್ಲ, ಅವರ ಕಣ್ಣೀರೂ ಸುಳ್ಳಲ್ಲ. ಆ ಹೊಲ ಮಾರಿದ ದುಡ್ಡಿನಲ್ಲೇ ನನ್ನ ಎಂಜಿನಿಯರಿಂಗ್ ಓದು ಮುಗಿಯಿತು. ದೊಡ್ಡಜ್ಜಿಯ ತವರಿನ ಕಡೆಯ ಮೊಮ್ಮಕ್ಕಳು ಇದೇ ಊರಿನಲ್ಲಿ ಎಲ್ಲೋ ಇದ್ದಾರೆಂದು ಕೇಳಿದ್ದೇನೆ. ಹುಡುಕುವುದು ಕಷ್ಟವೇನಲ್ಲ. ಇನ್ನೂ ಹುಡುಕಿಲ್ಲ.

ಹಾಗಾಗಿ ರಾಬರ್ಟನಿಗಿಂತ ಅವನ ಮಗನ ಮೇಲೆಯೇ ನನ್ನ ಕಣ್ಣು ಹೆಚ್ಚು. ತಾನು ಮಾಡದ್ದರಿಂದ ತನಗೆ ದಕ್ಕಿದ್ದನ್ನು ಅವನು ಏನು ಮಾಡಿದ? ಸಾಯುವ ಹಾಸಿಗೆಯಲ್ಲಿ ಅವನು ಆಡಿದನೆಂದು ಆರ್ಡೆರಿಕ್ ವಿಟಾಲಿಸ್ ಬಹಳ ವರ್ಷಗಳ ನಂತರ ಒಂದು ದೀರ್ಘ ಮಾತನ್ನು ಬರೆಯುತ್ತಾನೆ. ಇಂಗ್ಲೆಂಡ್ ನನಗೆ ಪಿತ್ರಾರ್ಜಿತವಾಗಿ ಬಂದದ್ದಲ್ಲ, ರಕ್ತ ಹರಿಸಿ ಕಿತ್ತುಕೊಂಡದ್ದು, ಅದನ್ನು ಯಾರಿಗೂ ಬರೆದುಕೊಡಲಾರೆ, ದೇವರಿಗೆ ಬಿಡುತ್ತೇನೆ ಎಂಬ ಅರ್ಥದ ಮಾತು. ಆಮೇಲೆ ಪಟ್ಟ ಕಟ್ಟುವಂತೆ ಆರ್ಚ್‌ಬಿಷಪ್‌ಗೆ ಪತ್ರ ಬರೆಸಿ, ಅದನ್ನು ಮೂರನೆಯ ಮಗನ ಕೈಯಲ್ಲೇ ಕಳಿಸುತ್ತಾನೆ.

ಅದಕ್ಕೆ ಸ್ವಲ್ಪ ಮೊದಲು ಅವನು ಇನ್ನೊಂದು ಕೆಲಸ ಮಾಡಿದ್ದ. ತಂದೆಯ ಮೂಳೆಗಳನ್ನು ನಿಕಾಯದಿಂದ ತರಲು ಆಳು ಕಳಿಸಿದ್ದ. ಅವನು ಮೂಳೆಗಳೊಂದಿಗೆ ದಕ್ಷಿಣ ಇಟಲಿಯ ಅಪೂಲಿಯಾವರೆಗೆ ಬಂದಾಗ, 1087ರಲ್ಲಿ, ವಿಲಿಯಂ ಸತ್ತ ಸುದ್ದಿ ಮುಟ್ಟಿತು. ಮುಂದಕ್ಕೆ ಒಯ್ಯಲು ಯಾರ ಅಪ್ಪಣೆಯೂ ಇರಲಿಲ್ಲ. ಅಲ್ಲೇ ಹೂಳಿದರು.

ನಿಕೋಲಸ್ ಮಾತ್ರ ಬಹುಕಾಲ ಬಾಳಿದ. ರೂಆನ್‌ನ ಸೇಂತ್-ಉವಾನ್ ಮಠಕ್ಕೆ ಅಧಿಪತಿಯಾಗಿ ಸುಮಾರು ಐವತ್ತು ವರ್ಷ ಇದ್ದ. 1066ರಲ್ಲಿ ಚಿಕ್ಕಪ್ಪನ ಮಗನ ದಂಡಯಾತ್ರೆಗೆ ಹಡಗು ಕೊಟ್ಟವರ ಪಟ್ಟಿಯಲ್ಲಿ ಅವನ ಹೆಸರೂ ಇದೆ. ದ್ವೇಷವಿತ್ತೇ, ಮರೆತಿದ್ದನೇ, ಮಠವೇ ಲೇಸೆನಿಸಿತ್ತೇ, ಒಂದು ಸಾಲೂ ಬರೆದಿಟ್ಟಿಲ್ಲ. ಹೊಸದೊಂದು ದೊಡ್ಡ ಚರ್ಚನ್ನು ಕಟ್ಟಿಸಲು ಆರಂಭಿಸಿದ. ಅದು ಮುಗಿಯುವ ಮೊದಲೇ, ವಿಲಿಯಂ ಸತ್ತು ಐದು ವರ್ಷಕ್ಕೆ, 1092ರಲ್ಲಿ ತೀರಿಕೊಂಡ. ಆ ಚರ್ಚಿನದೊಂದು ಸಣ್ಣ ಕಲ್ಲಿನ ತುಂಡು, ಈಗಿನ ಭಾರೀ ಚರ್ಚಿನ ಮಗ್ಗುಲಿಗೆ ಒರಗಿಕೊಂಡು, ರೂಆನ್‌ನಲ್ಲಿ ಇಂದಿಗೂ ನಿಂತಿದೆ.